ಡಿಸ್ಕ್ ಗಾಲ್ಫ್‌ಗೆ ಕನ್ನಡ ಕಾಮೆಂಟರಿ: ಲೈವ್ ಬೇಕೋ, ಮರುದಿನವಾದರೂ ಸಾಕೋ?

ಪ್ರಶ್ನೆ: ನನಗೆ 24 ವರ್ಷ, ಇರುವುದು ಡೊಂಬಿವಲಿಯಲ್ಲಿ, ಊರು ಕಾರ್ಕಳದ ಹತ್ತಿರ. ಅಲ್ಟಿಮೇಟ್ ಫ್ರಿಸ್ಬಿ ಆಡುತ್ತಾ ಆಡುತ್ತಾ ಡಿಸ್ಕ್ ಗಾಲ್ಫ್ ಹುಚ್ಚು ಹಿಡಿಯಿತು. ಅಮೆರಿಕದ ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ನೋಡುತ್ತೇನೆ. ಇದಕ್ಕೆ ಕನ್ನಡದಲ್ಲಿ ಕಾಮೆಂಟರಿ ಕೊಡುವ ಚಾನೆಲ್ ಶುರು ಮಾಡುವ ಆಸೆ. ಆದರೆ ಗೆಳೆಯರು, 'ಮುಂದೆ ಎಲ್ಲವೂ ಲೈವ್ ಆಗುತ್ತದೆ, ಟಿವಿಗೆ ಬರುತ್ತದೆ, ಮರುದಿನದ ವಿಡಿಯೊ ಯಾರು ನೋಡುತ್ತಾರೆ?' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಶುರು ಮಾಡಿ. ಲೈವ್ ಬೆಳೆಯುತ್ತದೆ ಅನ್ನುವುದು ನಿಜ. ಆದರೆ ಈ ಆಟದಲ್ಲಿ ಮರುದಿನದ ವಿಡಿಯೊ ಸಾಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಡಿಸ್ಕ್, ಅಂದರೆ ಫ್ರಿಸ್ಬಿಯಂಥ ತಟ್ಟೆ, ಸೇರಿಸುವುದೇ ಆಟ. ಸಾಮಾನ್ಯವಾಗಿ 18 ಬುಟ್ಟಿ. ಅಮೆರಿಕದ ಎಡ್ ಹೆಡ್ರಿಕ್ 1970ರ ದಶಕದಲ್ಲಿ ಈ ಬುಟ್ಟಿಯನ್ನು ರೂಪಿಸಿದರು, ಆಟದ ಸಂಸ್ಥೆ ಪಿಡಿಜಿಎಯನ್ನೂ 1976ರಲ್ಲಿ ಕಟ್ಟಿದರು.

ಕಬಡ್ಡಿಗೆ ಒಂದು ಅಂಕಣ, ಕ್ರಿಕೆಟ್‌ಗೆ ಒಂದು ಪಿಚ್. ಇಲ್ಲಿ ಹಾಗಲ್ಲ. ಬುಟ್ಟಿಗಳು ಮರಗಳ ನಡುವೆ ಎಲ್ಲೆಲ್ಲೋ ಇರುತ್ತವೆ, ನಾಲ್ಕು ನಾಲ್ಕು ಜನರ ಗುಂಪುಗಳು ಒಂದೇ ಹೊತ್ತಿಗೆ ಬೇರೆ ಬೇರೆ ಬುಟ್ಟಿಗೆ ಆಡುತ್ತಿರುತ್ತವೆ. ಒಂದು ಗುಂಪಿಗೆ 'ಕಾರ್ಡ್' ಅನ್ನುತ್ತಾರೆ. ಎಲ್ಲ ಕಾರ್ಡ್‌ಗಳ ಹಿಂದೆ ಕ್ಯಾಮೆರಾ ಓಡಿಸಲು ದುಡ್ಡು ಯಾರಿಗಿದೆ? ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಬರೀ ನಡಿಗೆ. ಲೈವ್‌ನಲ್ಲಿ ಆ ನಡಿಗೆಯನ್ನು ಮಾತಿನಿಂದ ತುಂಬಿಸಬೇಕು, ಅಥವಾ ಬೇರೆ ಕಾರ್ಡ್‌ಗೆ ಹಾರಬೇಕು. ಜೋಮೆಜ್‌ಪ್ರೋ ತರಹದ ಚಾನೆಲ್‌ಗಳು ಮುಂಚೂಣಿಯ ಕಾರ್ಡ್ ಒಂದನ್ನೇ ಹಿಡಿದು, ನಡಿಗೆ ಕತ್ತರಿಸಿ, ಆಟ ಬಲ್ಲವರ ಕಾಮೆಂಟರಿ ಸೇರಿಸಿ ಮರುದಿನ ಹಾಕುವ ಪದ್ಧತಿ ಬೆಳೆಸಿದ್ದು ಇದೇ ಕಾರಣಕ್ಕೆ. 2020ರಲ್ಲಿ ಪ್ರೊ ಟೂರ್ (ವೃತ್ತಿಪರರ ಪಂದ್ಯಸರಣಿ) ನಡೆಸುವವರು ಡಿಸ್ಕ್ ಗಾಲ್ಫ್ ನೆಟ್‌ವರ್ಕ್ ಅಂತ ಚಂದಾ ಕೊಟ್ಟು ನೋಡುವ ಲೈವ್ ಶುರು ಮಾಡಿದರು. ಎರಡೂ ಬೇಕು. ಫಲಿತಾಂಶಕ್ಕೆ ಲೈವ್, ಆಟ ಅರ್ಥವಾಗಲು ಮರುದಿನದ ವಿಡಿಯೊ.

ನಮ್ಮ ಗಡಿಯಾರದ ಲೆಕ್ಕವೂ ಇದೆ. ಬೇಸಿಗೆಯಲ್ಲಿ ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 3 ಗಂಟೆ ಅಂದರೆ ನಮಗೆ ರಾತ್ರಿ 12.30. ಬೆಳಿಗ್ಗೆ 6.10ರ ಲೋಕಲ್ ಹಿಡಿಯುವವರು ಅಷ್ಟು ಹೊತ್ತು ಕೂರುವುದಿಲ್ಲ. ಮರುದಿನ ಸಂಜೆ ರೈಲಿನಲ್ಲಿ ನೋಡುತ್ತಾರೆ. ಅವರೇ ನಿಮ್ಮ ವೀಕ್ಷಕರು. ಲೈವ್ ಮಾಡುವ ಆಸೆಯಿದ್ದರೆ ಯುರೋಪಿನ ಪಂದ್ಯ ಹಿಡಿಯಿರಿ. 2025ರ ವಿಶ್ವ ಚಾಂಪಿಯನ್‌ಷಿಪ್ ಫಿನ್ಲೆಂಡಿನಲ್ಲಿ ನಡೆಯಿತು, ಅಲ್ಲಿಯ ಮಧ್ಯಾಹ್ನ 3 ಗಂಟೆ ನಮಗೆ ಸಂಜೆ 5.30.

ಟಿವಿಯ ಮಾತಿಗೆ ಬಂದರೆ, 2021ರಲ್ಲಿ ಯೂಟಾದ ಒಗ್ಡೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ನೆನಪಿಸಿಕೊಳ್ಳಿ. ಕೊನೆಯ ಬುಟ್ಟಿಯಲ್ಲಿ ಜೇಮ್ಸ್ ಕಾನ್ರಾಡ್ ಒಂದು ಎಸೆತ ಹಿಂದಿದ್ದರು. ಸುಮಾರು 75 ಮೀಟರ್ ದೂರದಿಂದ ಎಸೆದ ಡಿಸ್ಕ್ ನೇರವಾಗಿ ಸರಪಳಿಗೆ ಬಡಿದು ಒಳಗೆ ಬಿತ್ತು. ಪಾಲ್ ಮೆಕ್‌ಬೆತ್ ಜೊತೆ ಸಮ ಮಾಡಿಕೊಂಡು, ಪ್ಲೇಆಫ್‌ನಲ್ಲಿ ಗೆದ್ದರು. ಆ ತುಣುಕು ಆಟದ ಗಂಧವಿಲ್ಲದವರ ಫೋನುಗಳಿಗೂ ಹೋಯಿತು. ನಮ್ಮ ಕಂಬಳದಲ್ಲೂ ಹೀಗೇ ಆಗಿತ್ತಲ್ಲ? 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಓಟದ ಕೆಸರುಗದ್ದೆಯನ್ನು) 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಉಸೇನ್ ಬೋಲ್ಟ್ ಹೆಸರು ಎತ್ತಿತು. ಆದರೆ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಅನ್ನುವ ಕಂಬಳದ ವಿಭಾಗಗಳು ಅಂದರೇನು ಅಂತ ಆ ತುಣುಕು ಯಾರಿಗೂ ಹೇಳಿಕೊಡಲಿಲ್ಲ.

ಅದನ್ನು ಹೇಳಿಕೊಡುವುದು ರಾತ್ರಿಯಿಡೀ ಮೈಕ್ ಬಿಡದ ಕಂಬಳದ ಕಾಮೆಂಟರಿಯವರು. ಮಾಟುಂಗದ ಹೋಟೆಲೊಂದರಲ್ಲಿ ಶಟರ್ ಎಳೆದ ಮೇಲೆ ಹುಡುಗರು ಸ್ಟೀಲ್ ಲೋಟಕ್ಕೆ ಫೋನ್ ಒರಗಿಸಿಟ್ಟು ಕಂಬಳದ ಲೈವ್ ನೋಡುತ್ತಿದ್ದುದನ್ನು ಕಂಡಿದ್ದೇನೆ. ಒಬ್ಬ ಪಾತ್ರೆ ಉಜ್ಜುತ್ತಿದ್ದ, ಪರದೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಯಾವ ಮನೆಯ ಕೋಣ, ಓಡಿಸುವವರು ಯಾರು, ಎಲ್ಲ ಕಿವಿಯಿಂದಲೇ ಗೊತ್ತಾಗುತ್ತಿತ್ತು. ನಿಮ್ಮ ಕಾಮೆಂಟರಿ ಆ ಮಟ್ಟಕ್ಕೆ ಬರಬೇಕು. ಟಿವಿಗೆ ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಅದಕ್ಕೆ ದಾರಿ ಒಂದೇ: ಎಸೆಯುವ ಮೊದಲೇ ಆಟಗಾರನ ಲೆಕ್ಕ ಹೇಳಬೇಕು. 'ಅದ್ಭುತ ಎಸೆತ' ಅಂತ ಆಮೇಲೆ ಕೂಗಲು ಯಾರಿಗಾದರೂ ಬರುತ್ತದೆ. ಡಿಸ್ಕ್‌ಗೆ ನಾಲ್ಕು ಅಂಕಿ ಕೊಟ್ಟಿರುತ್ತಾರೆ. ಇನ್ನೋವಾ ಕಂಪನಿಯ ಡೆಸ್ಟ್ರಾಯರ್‌ಗೆ 12, 5, -1, 3. ಅಂದರೆ ವೇಗ, ತೇಲುವಿಕೆ, ಮೊದಲ ತಿರುವು, ಕೊನೆಯ ವಾಲು. ಬಲಗೈಯವನು ಹಿಂಗೈಯಲ್ಲಿ ಬೀಸಿ ಎಸೆದರೆ ಅದು ಮೊದಲು ಚೂರು ಬಲಕ್ಕೆ ಜಾರುತ್ತದೆ, ವೇಗ ಇಳಿದಾಗ ಎಡಕ್ಕೆ ಬಲವಾಗಿ ಬೀಳುತ್ತದೆ. 'ಎಡಗಡೆ ಮರ ಇದೆ, ಗಾಳಿ ಎದುರಿಗಿದೆ, ಆದರೂ ಇದನ್ನೇ ಕೈಗೆ ತೆಗೆದುಕೊಂಡರು' ಅಂತ ಹೇಳಿ ನೋಡಿ, ನೋಡುವವರು ಉಸಿರು ಬಿಗಿಹಿಡಿಯುತ್ತಾರೆ. ಬುಟ್ಟಿಯಿಂದ 10 ಮೀಟರ್ ಒಳಗೆ ಬಂದ ಮೇಲೆ ನಿಯಮವೂ ಬದಲಾಗುತ್ತದೆ. ಎಸೆದ ಮೇಲೆ ತೂಕ ತಪ್ಪದೆ ನಿಲ್ಲಬೇಕು, ಆ ರಭಸದಲ್ಲೇ ಮುಂದಕ್ಕೆ ಕಾಲಿಡುವಂತಿಲ್ಲ. ಇದನ್ನು ಒಮ್ಮೆ ಹೇಳಿಬಿಟ್ಟರೆ ಮುಂದಿನ ಪ್ರತಿ ಪಟ್‌ನಲ್ಲೂ (ಬುಟ್ಟಿಯ ಹತ್ತಿರದ ಎಸೆತ) ಜನ ಕಾಲನ್ನೇ ನೋಡುತ್ತಾರೆ.

ಪದಗಳಿಗೆ ತಡಕಾಡಬೇಡಿ. ಕ್ರಿಕೆಟ್ ಕಾಮೆಂಟರಿ ನಮಗೆ 'ಎಸೆತ' ಕೊಟ್ಟಿದೆ, ಇಲ್ಲಿ ಅದು ಇನ್ನೂ ಚೆನ್ನಾಗಿ ಕೂರುತ್ತದೆ. ಬುಟ್ಟಿ, ಸರಪಳಿ, ಬೀಸು, ವಾಲು, ಜಾರು ಎಲ್ಲ ಮನೆಯ ಮಾತು. ಪಟ್, ಪಾರ್ (ಒಂದು ಬುಟ್ಟಿಗೆ ಗೊತ್ತು ಮಾಡಿದ ಎಸೆತಗಳ ಲೆಕ್ಕ), ಬರ್ಡಿ (ಅದಕ್ಕಿಂತ ಒಂದು ಕಡಿಮೆ) ಹಾಗೇ ಇರಲಿ.

ಮೊದಲು ನಿಮ್ಮದೇ ಆಟ ಹಿಡಿಯಿರಿ. ಕಳೆದ ಡಿಸೆಂಬರ್‌ನಲ್ಲಿ ಖಾರ್ಘರ್‌ನ ಮೈದಾನದಲ್ಲಿ ಕೆಲವು ಹುಡುಗರು ಬಕೆಟ್ ಇಟ್ಟುಕೊಂಡು ಆಡುತ್ತಿದ್ದುದನ್ನು ಫೋನಿನಲ್ಲಿ ತೆಗೆದೆ. ಬಿಳಿ ಡಿಸ್ಕ್, ಮೇಲೆ ಮಬ್ಬು ಬಿಳಿ ಆಕಾಶ, ಮೂರನೇ ಸೆಕೆಂಡಿಗೆ ಡಿಸ್ಕ್ ಮಾಯ. ಕಿತ್ತಳೆ ಬಣ್ಣದ್ದಕ್ಕೆ ಬದಲಾಯಿಸಿದ ಮೇಲೆ ಬೀಳುವ ತನಕ ಕಂಡಿತು. ಒಂದು ಫೋನ್ ಎಸೆಯುವವನ ಬೆನ್ನ ಹಿಂದೆ, ಇನ್ನೊಂದು ಬುಟ್ಟಿಯ ಪಕ್ಕ ಇರಲಿ. ಎಸೆತದ ದಾರಿಗೆ ಅಡ್ಡಲಾಗಿ, ಬದಿಯಿಂದ ತೆಗೆದರೆ ತಿರುವು ಕಾಣುವುದೇ ಇಲ್ಲ. ಬೇರೆಯವರ ವಿಡಿಯೊ ಎತ್ತಿ ಮೇಲೆ ನಿಮ್ಮ ಧ್ವನಿ ಕೂರಿಸಬೇಡಿ. ಬೇಕಿದ್ದರೆ ಪತ್ರ ಬರೆದು ಅನುಮತಿ ಕೇಳಿ, ಸಿಗುವ ತನಕ ಕಾಯಿರಿ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇವೆ. ಮಗಳಿಗೆ ಈ ಆಟ ಇಷ್ಟ. ಹೆಂಗಸರ ಪಂದ್ಯಗಳನ್ನು ಸರಿಯಾಗಿ ತೋರಿಸುತ್ತಾರೆಯೇ?

ಉತ್ತರ: ತೋರಿಸುತ್ತಾರೆ ಅಮ್ಮಾ. ಎಸ್ಟೋನಿಯಾದ ಕ್ರಿಸ್ಟಿನ್ ತಟ್ಟಾರ್ 2022 ಮತ್ತು 2023ರ ವಿಶ್ವ ಚಾಂಪಿಯನ್, ಅವರ ಆಟ ಹುಡುಕಿ ಮಗಳಿಗೆ ತೋರಿಸಿ. ದೂರಕ್ಕಿಂತ ಗುರಿ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯಲು ಅದು ಒಳ್ಳೆಯದು. ಮೇಲಿನ ಡೊಂಬಿವಲಿ ಹುಡುಗನಿಗೂ ಒಂದು ಮಾತು: ಆಟ ಆಡಿದ ಒಬ್ಬ ಹುಡುಗಿಯನ್ನೂ ಮೈಕ್ ಮುಂದೆ ಕೂರಿಸಿಕೊಳ್ಳಪ್ಪ.

ಪ್ರಶ್ನೆ: ಕಾಮೆಂಟರಿಯನ್ನು ಎಐ ಧ್ವನಿಯಲ್ಲೇ ಕನ್ನಡಕ್ಕೆ ತಂದುಬಿಟ್ಟರೆ ಸಾಲದೇ? (ಪುಣೆಯ ಓದುಗರು)

ಉತ್ತರ: ಅಡಿಬರಹಕ್ಕೆ, ಸ್ಕೋರ್ ಓದಲು ಬಳಸಿ, ತಪ್ಪಿಲ್ಲ. ಆದರೆ ಆಟಗಾರ ಪಟ್‌ಗೆ ನಿಂತು ಡಿಸ್ಕ್ ಮೇಲಿನ ಬೆವರು ಒರೆಸಿಕೊಂಡಾಗ ಸುಮ್ಮನಾಗಬೇಕು, ಸರಪಳಿಯ ಸದ್ದು ಪೂರ್ತಿ ಕೇಳಿಸಿದ ಮೇಲೆ ಬಾಯಿ ತೆರೆಯಬೇಕು. ನಾನು ಊರಿನವರ ಕಬಡ್ಡಿ ಕೂಟಗಳಲ್ಲಿ ಹತ್ತು ವರ್ಷ ಮೈಕ್ ಹಿಡಿದೇ ಅದನ್ನು ಕಲಿತದ್ದು. ಆ ಎರಡು ಕ್ಷಣಗಳನ್ನು ಮನುಷ್ಯರಿಗೇ ಬಿಡಿ.