ಮಾನಸಿಕ ಒತ್ತಡದಿಂದ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆಯೇ?

ಕೆಲಸದ ಒತ್ತಡ ವಿಪರೀತವಾಗಿದ್ದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 1.3 ಲಕ್ಷ ಬಂದಿದೆ, ಇದಕ್ಕೆ ಒತ್ತಡದ ಹಾರ್ಮೋನುಗಳೇ ಕಾರಣವೇ ಎಂದು ಕೇಳಿದ್ದೀರಿ. ಕಾರಣ ಅದಾಗಿರುವ ಸಾಧ್ಯತೆ ಕಡಿಮೆ. ನಮ್ಮ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗುಲ್ಮದಲ್ಲಿ (ಸ್ಪ್ಲೀನ್) ತಂಗಿರುತ್ತದೆ; ಒತ್ತಡದ ಹಾರ್ಮೋನಾದ ಅಡ್ರಿನಲಿನ್ ಏರಿದಾಗ ಅವುಗಳಲ್ಲಿ ಒಂದಷ್ಟು ಹೊರಬರುವುದರಿಂದ ರಕ್ತದಲ್ಲಿನ ಎಣಿಕೆ ಸ್ವಲ್ಪ ಹೊತ್ತು ಹೆಚ್ಚುತ್ತದೆ.

ಡೆಂಗಿ ಬಂದಾಗಲೆಲ್ಲ ಎಣಿಕೆಯೊಂದನ್ನೇ ಕೇಳಿ ನಮಗೆ ಅಭ್ಯಾಸವಾಗಿದೆ. ಒತ್ತಡದ ವಿಷಯದಲ್ಲಿ ಮುಖ್ಯವಾದದ್ದು ಪ್ಲೇಟ್‌ಲೆಟ್‌ಗಳ ವರ್ತನೆ. ಅಡ್ರಿನಲಿನ್ ಪ್ಲೇಟ್‌ಲೆಟ್ ಮೇಲಿನ ಆಲ್ಫಾ-2 ಗ್ರಾಹಕಕ್ಕೆ ಅಂಟಿಕೊಂಡು, ಪ್ಲೇಟ್‌ಲೆಟ್ ಅನ್ನು ಸುಮ್ಮನಿರಿಸುವ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕದ ಪ್ರಮಾಣವನ್ನು ಒಳಗೆ ಇಳಿಸುತ್ತದೆ. ಇದರಿಂದ, ಬೇರೆ ಹೊತ್ತಿನಲ್ಲಿ ಸಾಲದಷ್ಟು ಅಲ್ಪ ಪ್ರಮಾಣದ ಎಡಿಪಿ ಅಥವಾ ಕೊಲಾಜನ್‌ನಂಥ, ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವ ವಸ್ತು ಸಿಕ್ಕರೂ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು: 37 ಡಿಗ್ರಿಯಲ್ಲಿ ತಿರುಗುತ್ತಿರುವ, ಪ್ಲೇಟ್‌ಲೆಟ್‌ಗಳಿರುವ ಮಬ್ಬು ಹಳದಿ ಪ್ಲಾಸ್ಮಾಕ್ಕೆ (ರಕ್ತದ ದ್ರವಭಾಗಕ್ಕೆ) ಅಡ್ರಿನಲಿನ್ ಹಾಕಿದರೆ, ಗುಂಪುಗೂಡುವಿಕೆಯನ್ನು ಅಳೆಯುವ ಯಂತ್ರದ ಗ್ರಾಫಿನ ಗೆರೆ ಮೊದಲು ಸ್ವಲ್ಪ ಏರಿ ನಿಂತು, ಪ್ಲೇಟ್‌ಲೆಟ್‌ಗಳು ತಮ್ಮದೇ ಥ್ರಾಂಬಾಕ್ಸೇನ್ (ಗುಂಪುಗೂಡಿಸುವ ಇನ್ನೊಂದು ರಾಸಾಯನಿಕ) ಮತ್ತು ಎಡಿಪಿಯನ್ನು ಹೊರಬಿಟ್ಟ ಮೇಲೆ ಮತ್ತೊಮ್ಮೆ ಏರುತ್ತದೆ. ಆಸ್ಪಿರಿನ್ ತೆಗೆದುಕೊಂಡವರಲ್ಲಿ ಈ ಎರಡನೆಯ ಏರಿಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಒತ್ತಡದ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್‌ನ ಪ್ರಭಾವ ಇಷ್ಟು ನೇರವಲ್ಲ, ನಿಧಾನವಾದದ್ದು.

ಆರೋಗ್ಯವಂತ ರಕ್ತನಾಳದಲ್ಲಿ ಇದರಿಂದ ತೊಂದರೆಯಾಗುವುದು ಅಪರೂಪ. ಕೊಬ್ಬು ಕಟ್ಟಿದ ನಾಳದ ಒಳಪದರ ಬಿರಿದಾಗ ಅಪಾಯ ಹೆಚ್ಚು. 1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಜ್‌ನಲ್ಲಿ ಭೂಕಂಪವಾದಾಗ, ರಕ್ತನಾಳದ ಕೊಬ್ಬಿಗೆ ಸಂಬಂಧಿಸಿದ ಹಠಾತ್ ಹೃದಯ ಸಾವುಗಳು ಹಿಂದಿನ ವಾರದ ದಿನಕ್ಕೆ 4.6ರ ಸರಾಸರಿಯಿಂದ ಆ ಒಂದೇ ದಿನ 24ಕ್ಕೆ ಏರಿದ್ದವು. ಇದರಲ್ಲಿ ರಕ್ತದೊತ್ತಡ, ಹೃದಯ ಬಡಿತಗಳ ಪಾಲೂ ಇದೆ. ಎಲ್ಲವನ್ನೂ ಪ್ಲೇಟ್‌ಲೆಟ್ ತಲೆಗೆ ಕಟ್ಟುವಂತಿಲ್ಲ.

ನಿಮ್ಮ 1.3 ಲಕ್ಷದ ವಿಷಯಕ್ಕೆ ಬಂದರೆ, ಸಾಮಾನ್ಯ ಕೆಳಮಿತಿ 1.5 ಲಕ್ಷವಾದ್ದರಿಂದ ಇದು ತುಸು ಕಡಿಮೆ, ಅಷ್ಟೆ. ಕೆಲವರ ರಕ್ತದಲ್ಲಿ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಸೋಕಿದರೆ ಪ್ಲೇಟ್‌ಲೆಟ್‌ಗಳು ಅಲ್ಲಿಯೇ ಮುದ್ದೆಗಟ್ಟಿ, ಯಂತ್ರ ಅವುಗಳನ್ನು ಎಣಿಸದೆ ಬಿಡುತ್ತದೆ. ಮೊದಲು ಸ್ಲೈಡಿನ ಮೇಲೆ ಸ್ಮಿಯರ್ (ತೆಳುವಾಗಿ ಸವರಿದ ರಕ್ತ) ನೋಡಲು ಹೇಳಿ. ಮುದ್ದೆಗಳು ಕಂಡರೆ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಕೊಟ್ಟು, ಸಿಟ್ರೇಟ್ ದ್ರಾವಣ ರಕ್ತವನ್ನು ತುಸು ತೆಳುವಾಗಿಸುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿದ್ದಾರೆಯೇ ಎಂದು ಕೇಳಿ. ಮುದ್ದೆಗಳಿಲ್ಲದೆಯೂ ಎಣಿಕೆ ಕಡಿಮೆಯೇ ಬಂದರೆ, ನೀವು ಸೇವಿಸುತ್ತಿರುವ ಔಷಧಿಗಳ ಪಟ್ಟಿಯೊಂದಿಗೆ ವೈದ್ಯರನ್ನು ಕಾಣಿ.