ಎರಡು ಪುಟ, ಒಬ್ಬ ಗಾಯಕಿ, ಏಳು ಫೋಟೋ: ಮ್ಯೂಸಿಕ್ ಮ್ಯಾಗಜಿನ್ ಸ್ಪ್ರೆಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಾನು ಗ್ರಾಫಿಕ್ ಡಿಸೈನ್ ಓದ್ತಿದೀನಿ. ಪ್ರಾಜೆಕ್ಟಿಗೆ ಮ್ಯೂಸಿಕ್ ಮ್ಯಾಗಜಿನ್‌ದು ಒಂದು ಡಬಲ್ ಪೇಜ್ ಸ್ಪ್ರೆಡ್ ಮಾಡ್ಬೇಕು, ಎ4 ಸೈಜು. ಗಾಯಕಿ ಒಬ್ಬರ ಸಂದರ್ಶನ 1400 ಪದ ಇದೆ, ಏಳು ಫೋಟೋ ಇದೆ, ಏಳೂ ಚೆನ್ನಾಗಿವೆ. ಎಲ್ಲಾ ಹಾಕಿದೀನಿ, ಅಲೈನ್‌ಮೆಂಟ್ ಕೂಡ ನೀಟಾಗಿದೆ, ಆದ್ರೆ ನಮ್ಮ ಮೇಷ್ಟ್ರು ನೋಡಿ "ಇದು ಮ್ಯಾಗಜಿನ್ ಅಲ್ಲಮ್ಮ, ನೋಟಿಸ್ ಬೋರ್ಡು" ಅಂದ್ಬಿಟ್ರು. ಏನು ಸರಿ ಮಾಡ್ಲಿ ಸರ್?

ಉತ್ತರ: ಮೇಷ್ಟ್ರ ಮಾತು ಸ್ವಲ್ಪ ಖಾರ ಆಯ್ತು, ಆದ್ರೆ ಏಳು ಫೋಟೋ ಅಂತ ಓದಿದ ತಕ್ಷಣ ನನಗೂ ಹಾಗೇ ಅನ್ಸಿದ್ದು. ನಿಮ್ಮ ಅಲೈನ್‌ಮೆಂಟಲ್ಲಿ ಏನೂ ತೊಂದರೆ ಇಲ್ಲ. ಏಳು ಫೋಟೋನೂ ಹೆಚ್ಚುಕಮ್ಮಿ ಒಂದೇ ಸೈಜಲ್ಲಿ ಇಟ್ಟಿರ್ತೀರಾ, ಹೆಡಿಂಗ್ ಮೇಲೆ ಒಂದು ಪಟ್ಟಿ ಥರ ಹೋಗಿರತ್ತೆ, ಉಳಿದ ಜಾಗಕ್ಕೆಲ್ಲ ಮ್ಯಾಟರ್ ಸುರಿದಿರ್ತೀರಾ, ಹಾಗಾಗಿ ಪುಟ ತೆಗೆದವರಿಗೆ ಮೊದಲು ಎಲ್ಲಿ ನೋಡ್ಬೇಕು ಅಂತಾನೇ ಗೊತ್ತಾಗಲ್ಲ. ಇನ್‌ಡಿಸೈನ್ (ಪುಟ ಜೋಡಿಸೋ ಸಾಫ್ಟ್‌ವೇರ್) ತೆರೆಯೋಕೆ ಮುಂಚೆ ತೀರ್ಮಾನ ಮಾಡ್ಬೇಕಾದ್ದು ಒಂದೇ, ಈ ಎರಡು ಪುಟದಲ್ಲಿ ಯಾರು ದೊಡ್ಡವರು ಅಂತ. ಒಂದು ಫೋಟೋ ಆಗಬಹುದು, ಹೆಡಿಂಗೇ ಆಗಬಹುದು, ಅವರು ಹೇಳಿದ ಒಂದು ಮಾತೂ ಆಗಬಹುದು, ಆದ್ರೆ ಒಂದೇ ಇರ್ಬೇಕು, ಮಿಕ್ಕಿದ್ದೆಲ್ಲ ಅದಕ್ಕಿಂತ ಎದ್ದು ಕಾಣೋ ಹಾಗೆ ಚಿಕ್ಕದಿರ್ಬೇಕು. ಸ್ವಲ್ಪ ಚಿಕ್ಕದು ಮಾಡಿದ್ರೆ ಸಾಲಲ್ಲ, ಅದು ಅಳತೆ ತಪ್ಪಿದ ಹಾಗೆ ಕಾಣತ್ತೆ ಅಷ್ಟೇ.

ಈಗ ಲೆಕ್ಕ ಹಾಕಿ ನೋಡಿ. ಎ4 ಪುಟದ ಅಗಲ 210 ಮಿಮೀ, ಒಳಗಡೆ 18, ಹೊರಗಡೆ 15 ಮಾರ್ಜಿನ್ ಬಿಟ್ರೆ 177 ಉಳಿಯತ್ತೆ, ಕಾಲಂ ನಡುವೆ 5 ಮಿಮೀ ಬಿಟ್ಟು ಮೂರು ಕಾಲಂ ಮಾಡಿದ್ರೆ ಒಂದೊಂದೂ ಸುಮಾರು 55 ಮಿಮೀ. ಕನ್ನಡದಲ್ಲಿ ಆ ಅಗಲಕ್ಕೆ ಸಾಲಿಗೆ ನಾಲ್ಕು ಪದ ಕೂತರೆ ಹೆಚ್ಚು. ಕಾಲಂಗೆ 45 ಸಾಲು ಅಂತಿಟ್ಕೊಂಡ್ರೆ ಇಡೀ ಪುಟಕ್ಕೆ 540 ಪದ. ಅಂದ್ರೆ ನಿಮ್ಮ 1400 ಪದಕ್ಕೆ ಎರಡು ಪುಟ ಪೂರ್ತಿ ಕೊಟ್ರೂ ಸಾಕಾಗಲ್ಲ, ಏಳು ಫೋಟೋ ಎಲ್ಲಿಂದ ಹಿಡಿಸುತ್ತೆ? ನೀವು ಅಕ್ಷರ ಎಷ್ಟು ಚಿಕ್ಕದು ಮಾಡಿರಬಹುದು ಅಂತ ನೋಡದೇನೇ ಹೇಳ್ತೀನಿ. ಎಡ ಪುಟ ಫೋಟೋಗೆ ಬಿಟ್ರೆ, ಬಲಗಡೆ ಪುಟಕ್ಕೆ ಇಂಟ್ರೋ, ಬೈಲೈನ್ (ಬರೆದವರ ಹೆಸರು), ಒಂದು ಪುಲ್ ಕೋಟ್ (ಸಂದರ್ಶನದಿಂದ ಎತ್ತಿ ದೊಡ್ಡದಾಗಿ ಹಾಕೋ ಮಾತು) ಎಲ್ಲಾ ಹಾಕಿದ್ಮೇಲೆ 400ರಿಂದ 450 ಪದ ಹಿಡಿಯತ್ತೆ. ಸಂದರ್ಶನನ ಅಷ್ಟಕ್ಕೆ ಇಳಿಸಿ, ಇಲ್ಲಾ ಇನ್ನೊಂದು ಸ್ಪ್ರೆಡ್ ಕೇಳಿ. ಎಡಿಟ್ ಮಾಡೋದು ಡಿಸೈನರ್ ಕೆಲಸ ಅಲ್ಲ ಅನ್ನೋರಿದಾರೆ, ನಾನು ಒಪ್ಪಲ್ಲ. ಕಾಲೇಜ್ ಪ್ರಾಜೆಕ್ಟಲ್ಲಂತೂ ಎಡಿಟರೂ ನೀವೇ.

ಎಡ ಪುಟ ಪೂರ್ತಿ ಒಂದೇ ಫೋಟೋಗೆ ಬಿಟ್ಟುಬಿಡಿ. ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ಗೆ 1987ರಲ್ಲಿ ಆರ್ಟ್ ಡೈರೆಕ್ಟರ್ ಆಗಿ ಬಂದ ಫ್ರೆಡ್ ವುಡ್‌ವರ್ಡ್ ಹೆಸರು ಮಾಡಿದ್ದೇ ಇಂಥ ಓಪನಿಂಗ್ ಸ್ಪ್ರೆಡ್‌ಗಳಿಂದ, ಒಂದು ಪುಟ ಪೂರ್ತಿ ಪೋರ್ಟ್ರೇಟ್, ಎದುರು ಪುಟ ಪೂರ್ತಿ ಅಕ್ಷರ, ಆ ಅಕ್ಷರದ ಆಕಾರ ನೋಡಿದ್ರೇ ಕಲಾವಿದರ ಸ್ವಭಾವ ಗೊತ್ತಾಗೋ ಹಾಗೆ. ಬ್ಲೂ ನೋಟ್ ಕಂಪನಿಯ ಜಾಝ್ ರೆಕಾರ್ಡ್‌ಗಳ ಕವರ್‌ಗಳನ್ನೂ ಹುಡುಕಿ ನೋಡಿ, 1950–60ರ ದಶಕದ್ದು. ಫ್ರಾನ್ಸಿಸ್ ವುಲ್ಫ್ ತೆಗೆದ ಫೋಟೋಗಳನ್ನ ಡಿಸೈನರ್ ರೀಡ್ ಮೈಲ್ಸ್ ಹೇಗೆ ಧೈರ್ಯವಾಗಿ ಕತ್ತರಿಸಿ, ಎಷ್ಟೋ ಸಲ ಒಂದೆರಡು ಬಣ್ಣದಲ್ಲೇ ಮುಗಿಸಿದಾರೆ ಅಂತ ಗಮನಿಸಿ. ಫೋಟೋ ಆರಿಸುವಾಗ ಅವರು ಹಾಡೋದು ಎಂಥ ಸಂಗೀತ ಅಂತ ತಲೇಲಿರಲಿ: ಮೆಲುದನಿಯ ಹಾಡುಗಾರ್ತಿಗೆ ಪುಟ ತುಂಬ ಸೀಳು ಅಕ್ಷರ, ನಿಯಾನ್ ಬಣ್ಣ ಹಾಕಿದ್ರೆ ಓದುಗರಿಗೆ ಬೇರೆ ಯಾರದೋ ಸಂದರ್ಶನ ಅನ್ಸತ್ತೆ. ಖಾಲಿ ಜಾಗ ಬಿಡೋಕೆ ಹೆದರಬೇಡಿ. ಬಣ್ಣಾನ ಫೋಟೋದಿಂದಲೇ ಎತ್ಕೊಳ್ಳಿ, ಸ್ಟೇಜ್ ಲೈಟಿಂದೋ ಸೀರೆ ಅಂಚಿಂದೋ ಒಂದು, ಜೊತೆಗೆ ಕಪ್ಪು, ಸಾಕು.

ಉಳಿದ ಆರು ಫೋಟೋ? ಒಂದೋ ಎರಡೋ ಬಲ ಪುಟದಲ್ಲಿ ಒಂದೇ ಕಾಲಂ ಅಗಲಕ್ಕೆ ಇಡಿ, ಕ್ಯಾಪ್ಷನ್ ಹಾಕಿ. ಮಿಕ್ಕಿದ್ದು ಬಿಡಿ. ಹೊಟ್ಟೆ ಉರಿಯತ್ತೆ, ಗೊತ್ತು.

ಪ್ರಶ್ನೆ: ನಮ್ಮ ಸಣ್ಣ ಸಂಗೀತ ಪತ್ರಿಕೇಲಿ ಬ್ಯಾಂಡ್ ಫೋಟೋ ಒಂದನ್ನ ಎರಡೂ ಪುಟಕ್ಕೆ ಹರಡಿ ಹಾಕಿದ್ವಿ. ಸ್ಕ್ರೀನಲ್ಲಿ ಸೂಪರ್ ಆಗಿತ್ತು, ಪ್ರಿಂಟ್ ಆಗಿ ಬಂದ್ಮೇಲೆ ನೋಡಿದ್ರೆ ಡ್ರಮ್ಮರ್ ಮುಖ ಅರ್ಧ ಮಡಿಕೆ ಒಳಗೆ, ಹೆಡಿಂಗಲ್ಲಿ ಒಂದು ಅಕ್ಷರಾನೇ ಮಾಯ. ಪ್ರೆಸ್ಸಿನವರ ತಪ್ಪಾ ನಮ್ದಾ?

ಉತ್ತರ: ಬೈಂಡಿಂಗ್ ಯಾವುದು ಅಂತ ನೀವು ಬರೆದಿಲ್ಲ, ಆದ್ರೆ ಅಕ್ಷರಾನೇ ಮಾಯ ಆಗಿದೆ ಅಂದ್ರೆ ಗೋಂದು ಹಾಕಿದ ಪರ್ಫೆಕ್ಟ್ ಬೈಂಡಿಂಗೇ ಇರ್ಬೇಕು. ಅದರಲ್ಲಿ ಪುಟ ಪೂರ್ತಿ ಚಪ್ಪಟೆಯಾಗಿ ತೆರೆಯಲ್ಲ, ಎರಡೂ ಕಡೆಯಿಂದ ಕೆಲವು ಮಿಲಿಮೀಟರ್ ಬೆನ್ನೊಳಗೆ ಹೋಗತ್ತೆ, ಪತ್ರಿಕೆ ದಪ್ಪ ಆದಷ್ಟೂ ಜಾಸ್ತಿ. ಸೆಂಟರ್ ಪಿನ್ ಹೊಡೆಯೋ ಪತ್ರಿಕೇಲಿ ಈ ಕಾಟ ಕಡಿಮೆ, ಆದ್ರೆ ಅಲ್ಲಿ ಇನ್ನೊಂದಿದೆ: ನಡುವಿನ ಎರಡು ಪುಟ ಮಾತ್ರ ಒಂದೇ ಹಾಳೆ (16 ಪುಟದ್ದಾದ್ರೆ 8 ಮತ್ತು 9), ಮಿಕ್ಕ ಎಲ್ಲಾ ಸ್ಪ್ರೆಡ್ಡಲ್ಲೂ ಎಡಬಲ ಪುಟ ಬೇರೆ ಬೇರೆ ಹಾಳೆ ಮೇಲೆ ಅಚ್ಚಾಗಿ ಕೊನೇಲಿ ಪಕ್ಕ ಪಕ್ಕ ಬಂದು ಕೂರ್ತವೆ. ಮಡಚುವಾಗ ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಗಿಟಾರಿನ ಕುತ್ತಿಗೆ ಮುರಿದ ಹಾಗೆ ಕಾಣತ್ತೆ, ಎರಡು ಪುಟದ ಇಂಕ್ ಗಾಢತೆಲೂ ವ್ಯತ್ಯಾಸ ಬರಬಹುದು.

ಹಾಗಾಗಿ ತಪ್ಪು ಯಾರದು ಅಂದ್ರೆ, ಬೇಜಾರ್ ಮಾಡ್ಕೋಬೇಡಿ, ಲೇಔಟಿಂದೇ. ಸ್ಕ್ರೀನಲ್ಲಿ ಮಡಿಕೆ ಒಂದು ತೆಳು ಗೆರೆ ಅಷ್ಟೇ, ಎಲ್ಲರೂ ಮರೀತಾರೆ. ಫೋಟೋ ಹರಡೋದಾದ್ರೆ ಮಡಿಕೆ ಬೀಳೋ ಜಾಗದಲ್ಲಿ ಗೋಡೆನೋ ಕತ್ತಲೆನೋ ಇಬ್ಬರ ನಡುವಿನ ಖಾಲಿನೋ ಇರೋ ಹಾಗೆ ಸರಿಸಿ, ಮುಖ, ಕಣ್ಣು, ಕೈಬೆರಳು ಅಲ್ಲಿ ಬೇಡ. ಹೆಡಿಂಗ್ ದಾಟಿಸೋದಾದ್ರೆ ಎರಡು ಪದದ ನಡುವಿನ ಜಾಗ ಮಡಿಕೆಗೆ ಬರ್ಲಿ, ಆ ಜಾಗಾನ ಮಾಮೂಲಿಗಿಂತ ಅಗಲ ಮಾಡಿ. ಪರ್ಫೆಕ್ಟ್ ಬೈಂಡಿಂಗ್ ಆದ್ರೆ ಫೋಟೋನ ಎರಡು ತುಂಡು ಮಾಡಿ ಒಂದೊಂದನ್ನೂ ಕೆಲವು ಮಿಮೀ ಹೊರಗಡೆಗೆ ತಳ್ಳಿ ನಡುವಿನ ಭಾಗ ಎರಡೂ ಪುಟದಲ್ಲಿ ಸ್ವಲ್ಪ ರಿಪೀಟ್ ಆಗೋ ಹಾಗೆ ಮಾಡ್ತಾರೆ, ತೆರೆದಾಗ ಸರಿಯಾಗಿ ಕೂಡ್ಕೊಳತ್ತೆ, ಎಷ್ಟು ತಳ್ಳಬೇಕು ಅಂತ ಪ್ರೆಸ್ಸಿನವರನ್ನೇ ಕೇಳಿ. ಮೂರೂ ಹೊರ ಅಂಚಿಗೆ 3 ಮಿಮೀ ಬ್ಲೀಡ್ (ಕತ್ತರಿಸಿ ಹೋಗೋ ಹೆಚ್ಚುವರಿ ಅಂಚು) ಮರೀಬೇಡಿ. ಪಿಡಿಎಫ್‌ನ ಸಾಮಾನ್ಯವಾಗಿ ಬಿಡಿ ಬಿಡಿ ಪುಟವಾಗಿ ಕಳಿಸ್ಬೇಕು, ಸ್ಪ್ರೆಡ್ಡಾಗಿ ಅಲ್ಲ, ಜೋಡಿಸೋ ಕೆಲಸ ಅವರದು.

ಪ್ರಶ್ನೆ: ಫೋಟೋನ ವಾಟ್ಸಾಪಲ್ಲಿ ಕಳಿಸಿದಾರೆ, ಫುಲ್ ಪೇಜ್ ಹಾಕಬಹುದಾ?

ಉತ್ತರ: ಬೇಡ. ಫೋನಲ್ಲಿ ತೆಗೆದ 4000×3000 ಪಿಕ್ಸೆಲ್ ಒರಿಜಿನಲ್ ಆದ್ರೆ ಎ4 ಪುಟಕ್ಕೆ ಬ್ಲೀಡ್ ಸೇರಿ 300 ಪಿಪಿಐಗಿಂತ (ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನೋ ಲೆಕ್ಕ) ಮೇಲೇ ಸಿಗತ್ತೆ, ಆರಾಮಾಗಿ ಹಾಕಿ. ಅದೇ ಫೋಟೋ ಕುಗ್ಗಿ ಉದ್ದದ ಬದಿ 1600 ಪಿಕ್ಸೆಲ್ಲಿಗೆ ಬಂದಿದ್ರೆ ಸುಮಾರು 134 ಪಿಪಿಐ, ಪ್ರಿಂಟಲ್ಲಿ ಮಸುಕು. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ. ಸ್ಟೇಜಿನ ಕಡು ನೀಲಿ ಬೆಳಕು ಸಿಎಂವೈಕೆಗೆ (ಪ್ರಿಂಟಿನ ನಾಲ್ಕು ಇಂಕಿನ ಬಣ್ಣಕ್ಕೆ) ಬಂದಾಗ ಮಂಕಾಗತ್ತೆ, ಅದನ್ನ ಮೊದಲೇ ಕನ್ವರ್ಟ್ ಮಾಡಿ ನೋಡ್ಕೊಳ್ಳಿ.

ಪ್ರಶ್ನೆ: ಇಂಗ್ಲಿಷ್ ಮ್ಯಾಗಜಿನ್ ಟೆಂಪ್ಲೇಟ್ ತಗೊಂಡು ಕನ್ನಡ ಮ್ಯಾಟರ್ ಹಾಕಿದ್ರೆ ಯಾಕೋ ಎಲ್ಲಾ ಇಕ್ಕಟ್ಟಾಗಿ ಕಾಣತ್ತೆ, ಒತ್ತಕ್ಷರಗಳೂ ಒಡೆದು ಹೋಗ್ತಿವೆ. ಮತ್ತೆ ಅಮೆರಿಕದ ಡಿಸೈನರ್ ಡೇವಿಡ್ ಕಾರ್ಸನ್ ಥರ ಅಕ್ಷರ ಚೆಲ್ಲಾಪಿಲ್ಲಿ ಮಾಡೋಕೆ ಆಸೆ. ಮಾಡಬಹುದಾ?

ಉತ್ತರ: ಒತ್ತಕ್ಷರ ಒಡೆಯೋದು ಸೆಟ್ಟಿಂಗ್ ವಿಷಯ, ಯುನಿಕೋಡ್ ಫಾಂಟ್ ಹಾಕಿ ಇನ್‌ಡಿಸೈನಿನ ಪ್ಯಾರಾಗ್ರಾಫ್ ಸೆಟ್ಟಿಂಗಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸ್ಕೊಳ್ಳಿ, ಸರಿಹೋಗತ್ತೆ. ಇಕ್ಕಟ್ಟಾಗೋದಕ್ಕೆ ಕಾರಣ ಸಾಲಿನ ಅಂತರ. ಇಂಗ್ಲಿಷಿಗೆ 9 ಪಾಯಿಂಟ್ ಅಕ್ಷರಕ್ಕೆ 12 ಸಾಕಾಗತ್ತೆ, ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಜಾಗ ಕೇಳ್ತವೆ, 10ಕ್ಕೆ 15 ಕೊಡಿ. ಅಕ್ಷರದ ನಡುವೆ ಟ್ರ್ಯಾಕಿಂಗ್ ಎಳೆದು ಸ್ಟೈಲ್ ಮಾಡೋದು ಕನ್ನಡದಲ್ಲಿ ಅಷ್ಟು ಒಗ್ಗಲ್ಲ, ದೀರ್ಘ ಒಂದು ಕಡೆ ಅಕ್ಷರ ಒಂದು ಕಡೆ ಆಗತ್ತೆ. ಕ್ಯಾಪಿಟಲ್ ಅಕ್ಷರವೂ ನಮಗಿಲ್ಲ, ಹಾಗಾಗಿ ಹೆಡಿಂಗಿಗೂ ಮ್ಯಾಟರಿಗೂ ವ್ಯತ್ಯಾಸ ತೋರಿಸೋಕೆ ಸೈಜು ಮತ್ತು ದಪ್ಪ ಎರಡನ್ನೇ ಜೋರಾಗಿ ಬಳಸ್ಬೇಕು, ಅನೇಕ್ ಕನ್ನಡದಂಥ ಫಾಂಟಲ್ಲಿ ತೆಳುವಿಂದ ತುಂಬಾ ದಪ್ಪದವರೆಗೂ ಸಿಗತ್ತೆ. ಡ್ರಾಪ್ ಕ್ಯಾಪ್ (ಶುರುವಿನ ಒಂದು ಅಕ್ಷರ ಹಲವು ಸಾಲಿನಷ್ಟು ದೊಡ್ಡದು) ಇಡೋದಾದ್ರೆ ಒತ್ತು ಇಲ್ಲದ ಅಕ್ಷರದಿಂದ ಶುರುವಾಗೋ ಹಾಗೆ ಮೊದಲ ವಾಕ್ಯ ಬದಲಾಯಿಸ್ಕೊಳ್ಳಿ, ಒತ್ತು ಇದ್ರೆ ಕೆಳಗಿನ ಸಾಲಿಗೆ ತಾಗತ್ತೆ. ಕಪ್ಪು ಫೋಟೋ ಮೇಲೆ ಬಿಳಿ ಅಕ್ಷರ ಹಾಕೋದಾದ್ರೆ ತೆಳು ಫಾಂಟ್ ಬೇಡ, ಇಂಕ್ ತುಂಬ್ಕೊಂಡು ಒತ್ತೆಲ್ಲ ಮುಚ್ಚಿಹೋಗತ್ತೆ.

ಇನ್ನು ಕಾರ್ಸನ್. 1992ರಲ್ಲಿ ಶುರುವಾದ ರೇ ಗನ್ ಅನ್ನೋ ಸಂಗೀತ ಪತ್ರಿಕೇಲಿ ಅವರು ಏನೇನೋ ಮಾಡಿದ್ರು ನಿಜ, ಗಾಯಕ ಬ್ರಯಾನ್ ಫೆರ್ರಿ ಸಂದರ್ಶನ ಬೋರ್ ಅಂತ ಇಡೀ ಮ್ಯಾಟರನ್ನ ಜ್ಯಾಪ್ಫ್ ಡಿಂಗ್‌ಬ್ಯಾಟ್ಸ್ ಅನ್ನೋ ಬರೀ ಚಿಹ್ನೆಗಳ ಫಾಂಟಲ್ಲಿ ಹಾಕಿಬಿಟ್ರು, ಒಂದಕ್ಷರ ಓದೋಕಾಗಲ್ಲ. ಎಲ್ಲರೂ ಈ ಕಥೆ ಹೇಳ್ತಾರೆ, ಅದೇ ಸಂಚಿಕೆ ಕೊನೇಲಿ ಅದೇ ಸಂದರ್ಶನ ಓದೋ ಅಕ್ಷರದಲ್ಲೂ ಅಚ್ಚಾಗಿತ್ತು ಅನ್ನೋದನ್ನ ಮಾತ್ರ ಬಿಟ್ಬಿಡ್ತಾರೆ. ನೀವೂ ಹೆಡಿಂಗನ್ನ, ಪುಲ್ ಕೋಟನ್ನ ಚೆಲ್ಲಾಡಿ, ತಿರುಗಿಸಿ, ಅರ್ಧ ಪುಟದಾಚೆ ಹೋಗೋ ಹಾಗೆ ಮಾಡಿ, ಯಾರೂ ಬೇಡ ಅನ್ನಲ್ಲ. ಮೂರು ಕಾಲಂ ಮ್ಯಾಟರ್ ಮಾತ್ರ ನೆಟ್ಟಗೆ ಬೇಸ್‌ಲೈನ್ ಗ್ರಿಡ್ (ಎಲ್ಲಾ ಕಾಲಂ ಸಾಲುಗಳನ್ನ ಒಂದೇ ಮಟ್ಟಕ್ಕೆ ತರೋ ಗೆರೆಗಳು) ಮೇಲೆ ಕೂರಲಿ, ಬಣ್ಣ 100 ಪರ್ಸೆಂಟ್ ಕಪ್ಪು ಒಂದೇ, ನಾಲ್ಕು ಇಂಕ್ ಸೇರಿಸಿ ಮಾಡಿದ ಕಪ್ಪು ಬೇಡ.