ಲ್ಯಾಬ್ ಡಿಪ್ಲೊಮಾ ಇದೆ, ಪಿಯುಸಿ ಇಲ್ಲ: ನರ್ಸಿಂಗ್ ಓದಬಯಸಿದ ಯುವತಿಯ ಪ್ರಕರಣ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ 20 ವರ್ಷದ ಈ ಯುವತಿಯನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬೇಗ ಕೆಲಸ ಸಿಗಲೆಂದು ಎಸ್ಸೆಸ್ಸೆಲ್ಸಿಯ ನಂತರ ಪಿಯುಸಿಗೆ ಸೇರದೆ ಮೂರು ವರ್ಷದ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿದ್ದ ಆಕೆ, ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದಳು. ಈಗ ನರ್ಸ್ ಆಗಬೇಕೆಂಬುದು ಅವಳ ಹಂಬಲ. ಪಿಯುಸಿ ಇಲ್ಲದಿದ್ದರೂ ಹೊರರಾಜ್ಯದಲ್ಲಿ ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ಕೆಲಸ ಕಲಿಸುವ ಡಿಪ್ಲೊಮಾ) ಸೀಟು ಕೊಡಿಸುವುದಾಗಿ ದಲ್ಲಾಳಿಯೊಬ್ಬ ಹೇಳಿದ್ದರಿಂದ, ಮುಂಗಡ ಕೊಡುವ ಮುನ್ನ ಸಲಹೆ ಕೇಳಲು ತಂದೆ ಮಗಳನ್ನು ನನ್ನ ಬಳಿಗೆ ಕರೆದುಕೊಂಡು ಬಂದಿದ್ದರು.

ಮೊದಲು ಕೇಳಿದ್ದು ನರ್ಸಿಂಗೇ ಏಕೆ ಎಂದು. ರಕ್ತದ ಮಾದರಿ ತೆಗೆದುಕೊಂಡ ಕೂಡಲೇ ವಾರ್ಡಿನಿಂದ ಹೊರಡಬೇಕಾಗುತ್ತದೆ, ಆ ರೋಗಿಗೆ ಮುಂದೇನಾಯಿತೆಂದು ತಿಳಿಯುವುದೇ ಇಲ್ಲ ಎಂದಳು. ಸಂಬಳದ ಮಾತನ್ನು ಮುಂದಿಡದ ಈ ಉತ್ತರ ನನಗೆ ಗಟ್ಟಿಯಾಗಿ ಕಂಡಿತು. ಆದರೂ ರಾತ್ರಿ ಪಾಳಿ, ಮಲಮೂತ್ರದ ಆರೈಕೆ, ಸಾವಿನ ಹತ್ತಿರದ ಕೆಲಸ ಇವೆಲ್ಲದರ ಬಗ್ಗೆ ತನ್ನದೇ ಆಸ್ಪತ್ರೆಯ ಹಿರಿಯ ಸಿಸ್ಟರ್ ಒಬ್ಬರೊಡನೆ ಮಾತಾಡಿ ಬರಲು ಹೇಳಿದೆ. ಮಾತಾಡಿ ಬಂದ ಮೇಲೂ ಅವಳ ಮನಸ್ಸು ಬದಲಾಗಿರಲಿಲ್ಲ.

ತೊಡಕು ಇದ್ದದ್ದು ಅರ್ಹತೆಯಲ್ಲಿ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಮೂರು ವರ್ಷದ ಜಿಎನ್‌ಎಂಗೆ ಇಂಗ್ಲಿಷ್ ಸಹಿತ ಹನ್ನೆರಡನೇ ತರಗತಿಯಲ್ಲಿ ಶೇ. 40 ಅಂಕ ಬೇಕು. ವಿಜ್ಞಾನ ಓದಿದ್ದರೆ ಒಳ್ಳೆಯದು, ಕಡ್ಡಾಯವಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗಾದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 45 ಬೇಕು, ಇಂಗ್ಲಿಷ್‌ನಲ್ಲಿ ತೇರ್ಗಡೆಯಾಗಿರಬೇಕು. ಎರಡಕ್ಕೂ ಲ್ಯಾಬ್ ಡಿಪ್ಲೊಮಾ ಹನ್ನೆರಡನೇ ತರಗತಿಗೆ ಬದಲಿಯಾಗುವುದಿಲ್ಲ. “ಮೂರು ವರ್ಷ ಓದಿಸಿದ್ದೀನಿ ಮೇಡಂ, ತಿರುಗಿ ಪಿಯುಸಿಯಿಂದ ಶುರು ಮಾಡು ಅಂದ್ರೆ ಹೆಂಗೆ?” ಎಂದ ತಂದೆಯ ಬೇಸರ ನ್ಯಾಯವಾದದ್ದೇ. ಎಸ್ಸೆಸ್ಸೆಲ್ಸಿ ಮುಗಿಸಿದಾಗಲೇ ಯಾರಾದರೂ ಇದನ್ನು ಅವರಿಗೆ ಬಿಡಿಸಿ ಹೇಳಬೇಕಿತ್ತು.

ದಲ್ಲಾಳಿಗೆ ಹಣವನ್ನಾಗಲಿ ಮೂಲ ಅಂಕಪಟ್ಟಿಯನ್ನಾಗಲಿ ಕೊಡಬಾರದೆಂದು ಸ್ಪಷ್ಟವಾಗಿ ತಿಳಿಸಿದೆ. ಅರ್ಹತೆಯಿಲ್ಲದ ಪ್ರವೇಶದಿಂದ ಕೋರ್ಸು ಮುಗಿದರೂ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಸಿಗುವುದಿಲ್ಲ, ನೋಂದಣಿಯಿಲ್ಲದವರನ್ನು ಯಾವ ಸರ್ಕಾರಿ ಆಸ್ಪತ್ರೆಯೂ ಶುಶ್ರೂಷಕಿಯಾಗಿ ನೇಮಿಸಿಕೊಳ್ಳುವುದಿಲ್ಲ.

ನಾನು ಸೂಚಿಸಿದ್ದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಹನ್ನೆರಡನೇ ತರಗತಿಯನ್ನು. ಇದನ್ನು ನರ್ಸಿಂಗ್ ಪರಿಷತ್ತು ಒಪ್ಪುತ್ತದೆ. ಕಲಾ ವಿಷಯ ತೆಗೆದುಕೊಂಡರೆ ಸುಲಭವಲ್ಲವೇ ಎಂದು ಸುಮಾ ಕೇಳಿದಳು. ಸುಲಭ ನಿಜ, ಆದರೆ ಆಗ ಜಿಎನ್‌ಎಂ ಒಂದೇ ದಾರಿ ಉಳಿಯುತ್ತದೆ. ಮೂರು ವಿಜ್ಞಾನ ವಿಷಯಗಳ ಜೊತೆ ಇಂಗ್ಲಿಷ್ ತೆಗೆದುಕೊಂಡರೆ, ವಿಜ್ಞಾನದಲ್ಲಿ ಶೇ. 45 ಬಂದಾಗ ಸಿಇಟಿ ಬರೆದು ಬಿ.ಎಸ್ಸಿ.ಗೆ ಯತ್ನಿಸಬಹುದು, ಬಾರದೆ ಒಟ್ಟಾರೆ ಶೇ. 40 ದಾಟಿದರೂ ಜಿಎನ್‌ಎಂ ಕೈಯಲ್ಲಿರುತ್ತದೆ. ಜಿಎನ್‌ಎಂ ಮಾಡಿ ನೋಂದಾಯಿಸಿಕೊಂಡವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬಹುದು. ಒಟ್ಟು ವರ್ಷ ಹೆಚ್ಚಾದರೂ ನಡುವೆ ದುಡಿಯಲು ಅವಕಾಶವಿರುವುದರಿಂದ, ಮಾವಿನ ಫಸಲನ್ನೇ ನಂಬಿದ ಈ ಮನೆಗೆ ಅದೇ ಹೊಂದುವ ದಾರಿಯಾಗಲೂಬಹುದು. ಲ್ಯಾಬಿನಲ್ಲಿ ಕಲಿತ ಜೀವಶಾಸ್ತ್ರ ನೆರವಿಗೆ ಬರುತ್ತದೆ. ಅವಳಿಗೆ ಅಳುಕಿರುವುದು ಭೌತಶಾಸ್ತ್ರದಲ್ಲಿ, ಅದಕ್ಕೆ ಟ್ಯೂಷನ್ ಬೇಕೇ ಬೇಕು.

ಪ್ರಾಯೋಗಿಕ ತರಗತಿಗಳಿರುವುದರಿಂದ ವಿಜ್ಞಾನಕ್ಕೆ ಮಾನ್ಯತೆ ಇರುವ ಅಧ್ಯಯನ ಕೇಂದ್ರವನ್ನೇ ಆರಿಸಿಕೊಳ್ಳಬೇಕೆಂದೂ, ಕೆಲಸ ಬಿಡದೆ ಬೆಳಗಿನ ಪಾಳಿ ಕೇಳಿಕೊಳ್ಳಬೇಕೆಂದೂ ಹೇಳಿದೆ. ಮದುವೆಯ ಮಾತನ್ನು ಫಲಿತಾಂಶದವರೆಗೆ ಎತ್ತುವುದಿಲ್ಲವೆಂದು ತಂದೆ ಒಪ್ಪಿದ್ದಾರೆ. ತಾಯಿಯ ಒಪ್ಪಿಗೆ ಇನ್ನೂ ಸಿಕ್ಕಿಲ್ಲವಾದ್ದರಿಂದ ಮುಂದಿನ ಸಲ ಅವರನ್ನೂ ಕರೆತರಲು ತಿಳಿಸಿದ್ದೇನೆ.